ದಾದಿಯ ಪರ ವಾದಿಸುವವರಾರು?

ರಾತ್ರಿಪಾಳಿ ದುಡಿಯುವ ನಮ್ಮ ದಾದಿಯ ಮೇಲೆ ದೂರು ಬಂತೆನ್ನಿ. ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿನ ಪಟ್ಟಿಯಿಂದ ಹೆಸರು ಹೋದರೆ ಅನ್ನವೇ ಹೋಯಿತು! ದೂರು ಕೊಡುವುದು ರೋಗಿಯ ಹಕ್ಕು. ಅದಕ್ಕೆ ನಮ್ಮ ತಕರಾರಿಲ್ಲ. ಉತ್ತರ ಕೊಡುವುದೂ ಹಕ್ಕಲ್ಲವೆ? ಡಾಕ್ಟರರು ಖುದ್ದಾಗಿ ಇಲ್ಲವೆ ವಕೀಲರ ಮೂಲಕ ವಾದಿಸಬಹುದೆಂದು 2002ರ ವೈದ್ಯಕೀಯ ನಿಯಮಾವಳಿ ವಿಧಿಸಿತು. ಬೇರೊಬ್ಬ ಸಮರ್ಥ ವೈದ್ಯರ ಅಭಿಪ್ರಾಯವಿಲ್ಲದ ಖಾಸಗಿ ಕ್ರಿಮಿನಲ್ ದೂರನ್ನು ಪುರಸ್ಕರಿಸಕೂಡದೆಂದು 2005ರಲ್ಲಿ ಜೇಕಬ್ ಮ್ಯಾಥ್ಯೂ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಕಾಗದದ ಹಕ್ಕಿಗೆ ಬಾಯಿ ಬರಬೇಕಾದರೆ ವಕೀಲರ ಫೀಜು ಬೇಕು. ದೊಡ್ಡ ಡಾಕ್ಟರರು ವಿಮೆ ಮಾಡಿಸಿಕೊಂಡಾರು; ಸಂಬಳದಲ್ಲಿ ಊರಿನ ಮನೆ ನಡೆಸುವ ದಾದಿಗೆ ಯಾರು ದಿಕ್ಕು? ವಾರ್ಷಿಕೋತ್ಸವದ ಹಾರತುರಾಯಿಗೆ ವಂತಿಗೆ ಎತ್ತುವ ಸಂಘಬಾಂಧವರೇ, ಮೊದಲು ಒಂದು ರಕ್ಷಣಾನಿಧಿ ಕಟ್ಟಿರಿ. ಇಂದಿನ ನೋಟೀಸು ಅವಳದು. ನಾಳೆಯದು ನಿಮ್ಮ ಮಗಳದಾದೀತು!