ಅರ್ಜಿ ಕೊಟ್ಟರೆ ಸಾಲದು, ಸೀಲು ಹಾಕಿಸಿ

ಡಿಸಿ ಮನ್ನಾ ಜಾಗಕ್ಕೆ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾದವರು ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿ ಎಷ್ಟು ಜನ! ಗುಮಾಸ್ತನಾಗಿ ಹೇಳ್ತೇನೆ ಮಾರಾಯ್ರೆ, ಬಾಯಿಮಾತಿನ ಭರವಸೆಗೆ ಫೈಲು ಇಲ್ಲ.

ರಿಟ್ ಐದು ಉಂಟು. ಅಕ್ರಮ ಬಂಧನಕ್ಕೆ ಹೇಬಿಯಸ್ ಕಾರ್ಪಸ್. ಅಧಿಕಾರ ಮೀರುವ ಕೆಳಕೋರ್ಟನ್ನು ತಡೆಯಲು ಪ್ರೊಹಿಬಿಷನ್. ತಪ್ಪು ಆದೇಶ ರದ್ದು ಮಾಡಲು ಸರ್ಷಿಯೋರರಿ. ಅರ್ಹತೆಯಿಲ್ಲದೆ ಹುದ್ದೆಯಲ್ಲಿ ಕೂತವರನ್ನು ಪ್ರಶ್ನಿಸಲು ಕ್ವೋ ವಾರಂಟೋ. ಐದನೆಯದು ಮ್ಯಾಂಡಮಸ್: 'ನಿನ್ನ ಕರ್ತವ್ಯ ಮಾಡು' ಎಂದು ಅಧಿಕಾರಿಗೆ ಕೋರ್ಟಿನ ಆದೇಶ. ನಮಗೆ ಹೆಚ್ಚಾಗಿ ಬೇಕಾದ್ದು ಇದೇ.

ಇಂದಿನ 32ನೇ ವಿಧಿಯನ್ನು ಬಾಬಾಸಾಹೇಬರು 1948ರ ಡಿಸೆಂಬರ್ 9ರಂದು ಸಂವಿಧಾನದ ಹೃದಯ, ಆತ್ಮ ಎಂದರು. ಕೆಜಿಎಫ್‌ನ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನ ಅದೇ ವಿಧಿ ಹಿಡಿದು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಿ ಎಂಬ ತೀರ್ಪು ಬಂದದ್ದು 2014ರಲ್ಲಿ. ಹನ್ನೊಂದು ವರ್ಷ! ಆದರೂ ಬಿಡಲಿಲ್ಲ.

ನಮಗೆ 226ನೇ ವಿಧಿಯಡಿ ಹೈಕೋರ್ಟ್ ಉಂಟು. ಅಲ್ಲಿ ಮೊದಲು ಕೇಳುವುದೇ 'ಅರ್ಜಿ ಕೊಟ್ಟ ದಾಖಲೆ ಎಲ್ಲಿ?' ಹಾಗಾಗಿ ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿ. ಆಗುವುದಿಲ್ಲ ಅಂದರೆ ಹಿಂಬರಹ ಕೇಳಿ. ವಕೀಲರ ಫೀಸಿಗೆ ಹೆದರಬೇಡಿ. ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯ ಉಚಿತ ನೆರವು ಹಕ್ಕು.

ಕೈಮುಗಿದು ಕಾದದ್ದು ಸಾಕು. ಜೈ ಭೀಮ್.