ಮಗುವಿಗೆ ಮೊದಲೇ ಕಾಯಿಲೆ ಇದ್ದರೆ ವಿದೇಶದಲ್ಲಿ ವಿಮೆ ಸಿಗುವುದೇ ಇಲ್ಲವೇ?

“ಮೊದಲಿನಿಂದ ಕಾಯಿಲೆ ಇರೋ ಮಕ್ಕಳಿಗೆ ಫಾರಿನ್‌ನಲ್ಲಿ ಇನ್ಶೂರೆನ್ಸ್ ಕೊಡೋದಿಲ್ಲ. ಫಾರಂನಲ್ಲಿ ಕಾಯಿಲೆ ವಿಷಯ ಬರೀಲೇಬೇಡಿ. ಐದು ವರ್ಷ ಕಳೆದರೆ ಯಾರೂ ಕೇಳೋ ಹಾಗಿಲ್ಲ. ಎಲ್ಲರಿಗೂ ಶೇರ್ ಮಾಡಿ.”

ಈ ಧಾಟಿಯ ಸಂದೇಶಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುತ್ತವೆ. ಕಳುಹಿಸುವ ಚಿಕ್ಕಪ್ಪನ ಉದ್ದೇಶ ಒಳ್ಳೆಯದೇ ಇರುತ್ತದೆ. ಆದರೆ ಇದನ್ನು ನಂಬಿದರೆ ಆಗುವ ನಷ್ಟ ಸಣ್ಣದಲ್ಲ. ಒಂದೋ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಅಪ್ಪ ಅಮ್ಮ ವಿಮಾನ ಹತ್ತುತ್ತಾರೆ. ಇಲ್ಲವೇ ಕಾಯಿಲೆ ಮುಚ್ಚಿಟ್ಟು ಕರೆದುಕೊಂಡು ಹೋಗಿ, ಗುರುತಿಲ್ಲದ ಊರಿನಲ್ಲಿ ಆಸ್ಪತ್ರೆಯ ಬಿಲ್ಲಿನ ಮುಂದೆ ನಿಲ್ಲುತ್ತಾರೆ.

ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ. ಸುಲಭವಾಗಲಿ ಎಂದು ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಮನೆಗಳು ಕಲ್ಪನೆಯವು, ನಿಯಮಗಳು ನಿಜವಾದವು.

ಒಂದು ಮನೆ ನಂಜನಗೂಡಿನಲ್ಲಿದೆ. ಅಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅಪ್ಪನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ಇನ್ನೊಂದು ಮನೆ ತಿ. ನರಸೀಪುರದಲ್ಲಿದೆ. ಆ ಮನೆಯ ಅಪ್ಪನಿಗೆ ದುಬೈನಲ್ಲಿ ಅಕೌಂಟೆಂಟ್ ಕೆಲಸ. ಎರಡೂ ಮನೆಗಳಲ್ಲಿ ಆರು ವರ್ಷದ ಒಂದೊಂದು ಮಗು. ಇಬ್ಬರಿಗೂ ಟೈಪ್ 1 ಮಧುಮೇಹ.

ಈ ಕಾಯಿಲೆಯನ್ನೇ ಏಕೆ ಆರಿಸಿಕೊಂಡೆವು?

ಟೈಪ್ 1 ಮಧುಮೇಹ ಸಿಹಿ ತಿಂದು ಬರುವುದಲ್ಲ. ಮಗುವಿನ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಆಮೇಲೆ ಇನ್ಸುಲಿನ್ನನ್ನು ಹೊರಗಿನಿಂದಲೇ ಕೊಡಬೇಕು, ಅದೂ ಪ್ರತಿದಿನ. ಅದು ಪೂರ್ತಿ ನಿಂತರೆ ಒಂದೆರಡು ದಿನಗಳಲ್ಲೇ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೆ ಅಪಾಯವಾಗುತ್ತದೆ.

ಇಂಥ ಮಗುವಿಗೆ “ಸ್ವಲ್ಪ ದಿನ ಕಾಯಿರಿ, ಆಮೇಲೆ ವಿಮೆ ಅನ್ವಯವಾಗುತ್ತದೆ” ಎಂಬ ಮಾತಿಗೆ ಅರ್ಥವಿಲ್ಲ. ಹೃದಯದಲ್ಲಿ ರಂಧ್ರ, ಆಸ್ತಮಾ, ಮೂರ್ಛೆ ರೋಗ, ಥಲಸ್ಸೇಮಿಯಾ ಇರುವ ಮಕ್ಕಳ ಮನೆಯವರೂ ಇದೇ ಲೆಕ್ಕದಲ್ಲಿ ಮುಂದೆ ಓದಬಹುದು.

ವಿಮಾ ಕಂಪನಿ ಹಿಂದೆ ಸರಿಯುವುದು ಏಕೆ?

ನಂಜನಗೂಡಿನವರಿಗೆ ಇದನ್ನು ಹೇಳುವುದು ಸುಲಭ. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಪಿಲೆ ಉಕ್ಕಿ, ಹದಿನಾರು ಕಾಲು ಮಂಟಪ ಮುಳುಗುತ್ತದೆ. ಬೇಸಿಗೆಯಲ್ಲೇ ನೂರು ಮನೆಯವರು ಸೇರಿ ಸ್ವಲ್ಪ ಸ್ವಲ್ಪ ಹಣ ಕೂಡಿಟ್ಟರು ಅಂದುಕೊಳ್ಳಿ. ಮಳೆಗಾಲದಲ್ಲಿ ಯಾರ ಮನೆಗೆ ನೀರು ನುಗ್ಗಿತೋ ಅವರಿಗೆ ಆ ಹಣ. ವಿಮೆ ಎಂದರೆ ಇಷ್ಟೇ. ಆದರೆ ನೀರು ಹೊಸ್ತಿಲಿಗೆ ಬಂದ ಮೇಲೆ “ನನ್ನನ್ನೂ ಸೇರಿಸಿಕೊಳ್ಳಿ” ಎಂದು ಎಲ್ಲರೂ ಬಂದರೆ ಗಂಟು ಒಂದೇ ದಿನಕ್ಕೆ ಖಾಲಿ. ಆದ್ದರಿಂದ ಖಾಸಗಿ ವಿಮಾ ಕಂಪನಿ ಮೊದಲೇ ಪ್ರಶ್ನೆ ಕೇಳುತ್ತದೆ. ಕಾಯಿಲೆ ಇದ್ದರೆ ಪ್ರೀಮಿಯಂ ಹೆಚ್ಚಿಸುತ್ತದೆ, ಕಾಯುವ ಅವಧಿ ಹಾಕುತ್ತದೆ, ಇಲ್ಲವೇ ಆಗುವುದಿಲ್ಲ ಎನ್ನುತ್ತದೆ.

ಇದಕ್ಕೆ ಇನ್ನೊಂದು ದಾರಿಯೂ ಇದೆ. ಊರಿನ ಎಲ್ಲ ಮನೆಯವರೂ, ಮನೆ ಎತ್ತರದಲ್ಲಿರಲಿ ತಗ್ಗಿನಲ್ಲಿರಲಿ, ಹಣ ಕಟ್ಟಲೇಬೇಕು ಎಂದು ಕಾನೂನು ಮಾಡಿದರೆ? ಆಗ ಯಾರ ಹೊಸ್ತಿಲು ಎಷ್ಟು ತಗ್ಗು ಎಂದು ಕೇಳುವ ಅಗತ್ಯವೇ ಬರುವುದಿಲ್ಲ. ಹಲವು ದೇಶಗಳ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ನಡೆಯುವುದು ಹೀಗೆ.

ಈ ಲೇಖನದ ಮುಖ್ಯ ಮಾತು ಇದೇ. ಮಗುವಿಗೆ ವಿಮೆ ಸಿಗುತ್ತದೆಯೇ ಎಂಬುದನ್ನು ಕಾಯಿಲೆಯ ಹೆಸರೊಂದೇ ತೀರ್ಮಾನಿಸುವುದಿಲ್ಲ. ನೀವು ಯಾವ ದೇಶಕ್ಕೆ, ಯಾವ ವೀಸಾದಲ್ಲಿ, ಯಾವ ಬಗೆಯ ವಿಮೆಯ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಎಂಬುದು ಅದಕ್ಕಿಂತ ಹೆಚ್ಚು ಮುಖ್ಯ.

ನಂಜನಗೂಡಿನ ಮನೆ: ಜರ್ಮನಿ

ಜರ್ಮನಿಯಲ್ಲಿ ಕಡ್ಡಾಯ ಆರೋಗ್ಯ ವಿಮೆ 1883ರಷ್ಟು ಹಿಂದೆಯೇ ಶುರುವಾಯಿತು. ಅಲ್ಲಿ ಕೆಲಸಕ್ಕೆ ಸೇರಿದವರು ಸಾರ್ವಜನಿಕ ವಿಮಾ ನಿಧಿಗೆ ಸೇರಿದರೆ ಸಂಬಳದ ಒಂದು ಪಾಲು ವಂತಿಗೆಯಾಗಿ ಹೋಗುತ್ತದೆ. ಸ್ವಂತ ಆದಾಯವಿಲ್ಲದ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳು ಹೆಚ್ಚುವರಿ ಹಣವಿಲ್ಲದೆ ಅದೇ ವಿಮೆಯಡಿ ಬರುತ್ತಾರೆ. ಮೊದಲೇ ಕಾಯಿಲೆ ಇದೆ ಎಂಬ ಕಾರಣಕ್ಕೆ ಮಗುವನ್ನು ನಿರಾಕರಿಸುವಂತಿಲ್ಲ, ಕಾಯುವ ಅವಧಿಯೂ ಇಲ್ಲ.

ಎಡವುವ ಜಾಗ ಬೇರೆ ಇದೆ. ಸಂಬಳ ಒಂದು ಮಿತಿ ದಾಟಿದರೆ ಖಾಸಗಿ ವಿಮೆ ಆರಿಸಿಕೊಳ್ಳಲು ಅವಕಾಶವಿದೆ. 2025ರಲ್ಲಿ ಆ ಮಿತಿ ವರ್ಷಕ್ಕೆ 73,800 ಯೂರೊ ಇತ್ತು. ಮಿತಿ ದಾಟಿದ, ಆರೋಗ್ಯವಂತ ಯುವಕರಿಗೆ ಖಾಸಗಿ ವಿಮೆ ಅಗ್ಗವಾಗಿ ಕಾಣುತ್ತದೆ. ಆದರೆ ಅಪ್ಪ ಆ ಬಾಗಿಲಿನಿಂದ ಹೋದರೆ ಮಗುವಿಗೆ ಉಚಿತ ಕುಟುಂಬ ವಿಮೆ ತಪ್ಪಿಹೋಗಬಹುದು. ಖಾಸಗಿ ಕಂಪನಿ ಮಗುವಿನ ಕಾಯಿಲೆಯನ್ನು ಕೇಳುತ್ತದೆ, ಬೇಡ ಎನ್ನಲೂಬಹುದು. ಕಾಯಿಲೆ ಇರುವ ಮಗುವಿನ ಅಪ್ಪ ಅಲ್ಲಿ ಉಳಿಸಲು ಹೊರಟ ಯೂರೊ ಕೊನೆಗೆ ದುಬಾರಿಯಾಗುತ್ತದೆ.

ತಿ. ನರಸೀಪುರದ ಮನೆ: ದುಬೈ

ದುಬೈನಲ್ಲಿ 2013ರ ಕಾನೂನಿನ ಪ್ರಕಾರ ಆರೋಗ್ಯ ವಿಮೆ ಕಡ್ಡಾಯ. ಆದರೆ ಉದ್ಯೋಗದಾತರ ಮೇಲೆ ಕಾನೂನು ಹೊರಿಸಿರುವುದು ನೌಕರನ ವಿಮೆಯನ್ನು ಮಾತ್ರ. ಹೆಂಡತಿ ಮಕ್ಕಳ ವೀಸಾಕ್ಕೆ ಯಾರು ಪ್ರಾಯೋಜಕರೋ ಅವರ ವಿಮೆಗೂ ಅವರೇ ಹೊಣೆ. ಅಲ್ಲಿನ ಮೂಲ ಯೋಜನೆಗೆ ಮೊದಲ ಬಾರಿ ಸೇರುವವರಿಗೆ, ಮೊದಲೇ ಇರುವ ಕಾಯಿಲೆಗಳ ವಿಷಯದಲ್ಲಿ 6 ತಿಂಗಳು ಕಾಯುವ ಅವಧಿ ಇದೆ. ಆ ಅವಧಿಯಲ್ಲಿ ತುರ್ತು ಚಿಕಿತ್ಸೆ ಸಿಗುತ್ತದೆ, ದಿನನಿತ್ಯದ ಇನ್ಸುಲಿನ್ ಮತ್ತು ತಪಾಸಣೆಯ ಖರ್ಚು ಮಾತ್ರ ಮನೆಯವರದೇ.

ಹಾಗಾದರೆ ಈ ಮನೆಯವರಿಗೆ ದಾರಿಯೇ ಇಲ್ಲವೇ? ಇದೆ. ಕಂಪನಿ ತನ್ನ ಎಲ್ಲ ನೌಕರರಿಗೂ ಸೇರಿಸಿ ಮಾಡಿಸುವ ಗುಂಪು ವಿಮೆಯಲ್ಲಿ ಅಪಾಯ ಹಲವರ ಮೇಲೆ ಹಂಚಿಹೋಗುವುದರಿಂದ ಷರತ್ತುಗಳು ಸಡಿಲವಾಗಿರಬಹುದು. ಅದಕ್ಕೆ ಮಗುವನ್ನೂ ಸೇರಿಸಲು ಕೇಳಿಕೊಳ್ಳಬೇಕು. ಕೇಳುವ ಸಮಯ ಆಫರ್ ಲೆಟರ್‌ಗೆ ಸಹಿ ಹಾಕುವುದಕ್ಕೆ ಮುಂಚೆ. ಅದೂ ಆಗದಿದ್ದರೆ, ಆರು ತಿಂಗಳ ಖರ್ಚನ್ನು ಲೆಕ್ಕ ಹಾಕಿ ಎತ್ತಿಟ್ಟುಕೊಂಡೇ ಮಗುವನ್ನು ಕರೆದೊಯ್ಯಬೇಕು.

ಗಲ್ಫ್‌ಗೆ ಹೋಗುವ ಕಾರ್ಮಿಕರಿಗೆ ನಮ್ಮ ಸರ್ಕಾರ ಕಡ್ಡಾಯ ಮಾಡಿರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯೇ ಸಾಕು ಎಂದು ಕೆಲವರು ಭಾವಿಸುತ್ತಾರೆ. ಅದರ ಮುಖ್ಯ ಭಾಗ ಕಾರ್ಮಿಕನ ಅಪಘಾತ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ಪರಿಹಾರ. ಮಗುವಿನ ದೀರ್ಘಕಾಲದ ಕಾಯಿಲೆಗೆ ವಿದೇಶದಲ್ಲಿ ಚಿಕಿತ್ಸೆ ಕೊಡಿಸುವುದು ಅದರ ಕೆಲಸವಲ್ಲ.

ಬೇರೆ ದೇಶಗಳಲ್ಲಿ ಹೇಗೆ?

ಬ್ರಿಟನ್: 6 ತಿಂಗಳಿಗಿಂತ ದೀರ್ಘ ವೀಸಾಕ್ಕೆ ಅರ್ಜಿ ಹಾಕುವಾಗ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. 2024ರ ಫೆಬ್ರುವರಿಯಿಂದ ಅದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, 18 ವರ್ಷದೊಳಗಿನವರಿಗೆ 776 ಪೌಂಡ್. ಮೂರು ವರ್ಷದ ವೀಸಾ ಆದರೆ ಮಗುವೊಂದಕ್ಕೇ 2,328 ಪೌಂಡ್, ಅದೂ ಮುಂಗಡವಾಗಿ. ಕಟ್ಟಿದ ಮೇಲೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಮಗುವಿನ ಹಳೆಯ ಕಾಯಿಲೆಗೂ ಚಿಕಿತ್ಸೆ ಕೊಡುತ್ತದೆ. ನರ್ಸ್ ಕೆಲಸಕ್ಕೆ ಆರೋಗ್ಯ ಸಿಬ್ಬಂದಿ ವೀಸಾದಲ್ಲಿ ಹೋಗುವವರಿಗೆ ಈ ಸರ್‌ಚಾರ್ಜ್‌ನಿಂದ ವಿನಾಯಿತಿ ಇದೆ.

ಅಮೆರಿಕ: 2010ರ ಆರೋಗ್ಯ ಕಾನೂನು ಬಂದ ಮೇಲೆ ಮೊದಲು ಮಕ್ಕಳಿಗೆ, 2014ರಿಂದ ಎಲ್ಲರಿಗೂ, ಮೊದಲೇ ಕಾಯಿಲೆ ಇದೆ ಎಂದು ವಿಮೆ ನಿರಾಕರಿಸುವುದನ್ನು ನಿಷೇಧಿಸಲಾಯಿತು. ಆದರೆ ಪ್ರವಾಸಿಗರಿಗೆ ಮಾರುವ ಅಲ್ಪಾವಧಿ ಪಾಲಿಸಿಗಳಿಗೆ ಈ ರಕ್ಷಣೆ ಇಲ್ಲ. ಕಂಪನಿಯ ವಿಮೆ ಶುರುವಾಗಲು ಕೆಲಸಕ್ಕೆ ಸೇರಿದ ಮೇಲೆ 90 ದಿನಗಳವರೆಗೂ ಆಗಬಹುದು. ಮಗುವಿನ ಹೆಸರು ಸೇರಿಸಲು ಕೊಡುವ ಗಡುವನ್ನೂ ತಪ್ಪಿಸಿಕೊಳ್ಳಬಾರದು.

ಆಸ್ಟ್ರೇಲಿಯ: ಇಲ್ಲಿ ಪರೀಕ್ಷೆ ವೀಸಾ ಹಂತದಲ್ಲೇ ನಡೆಯುತ್ತದೆ. ಅರ್ಜಿದಾರರ ಆರೋಗ್ಯದ ಖರ್ಚು ಸರ್ಕಾರಕ್ಕೆ ಎಷ್ಟು ಬೀಳಬಹುದು ಎಂದು ಅಂದಾಜು ಮಾಡುತ್ತಾರೆ. 2024ರ ಜುಲೈನಿಂದ ಈ ಮಿತಿ 86,000 ಆಸ್ಟ್ರೇಲಿಯನ್ ಡಾಲರ್. ಅದನ್ನು ಮೀರಿದರೆ ವೀಸಾ ಸಿಗದೇ ಹೋಗಬಹುದು. ಕೆಲವು ವೀಸಾಗಳಲ್ಲಿ ವಿನಾಯಿತಿ ಕೇಳಲು ಅವಕಾಶವಿದೆ. ತಾತ್ಕಾಲಿಕ ವೀಸಾದವರು ಕೊಳ್ಳುವ ಖಾಸಗಿ ವಿಮೆಯಲ್ಲಿ ಹಳೆಯ ಕಾಯಿಲೆಗೆ 12 ತಿಂಗಳು ಕಾಯುವ ಷರತ್ತು ಸಾಮಾನ್ಯ.

“ಐದು ವರ್ಷ”ದ ಮಾತು ಎಲ್ಲಿಂದ ಬಂತು?

ಫಾರ್ವರ್ಡ್‌ಗಳಲ್ಲಿ ಅರ್ಧ ಸತ್ಯ ಇರುವುದರಿಂದಲೇ ಅವು ನಂಬಿಕೆ ಹುಟ್ಟಿಸುತ್ತವೆ. ನಮ್ಮ ದೇಶದ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ನಿಯಮ ಬದಲಿಸಿತು. ಮೊದಲೇ ಇರುವ ಕಾಯಿಲೆಗೆ ಕಾಯಿಸಬಹುದಾದ ಗರಿಷ್ಠ ಅವಧಿ 4 ವರ್ಷದಿಂದ 3 ವರ್ಷಕ್ಕೆ ಇಳಿಯಿತು. ಪಾಲಿಸಿ ಸತತವಾಗಿ 5 ವರ್ಷ ನಡೆದಿದ್ದರೆ, ಮಾಹಿತಿ ಹೇಳಿಲ್ಲ ಎಂಬ ನೆಪದಲ್ಲಿ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದೂ ಆಯಿತು. ಮೊದಲು ಇದು 8 ವರ್ಷ ಇತ್ತು.

ಇದೇ ಆ “ಐದು ವರ್ಷ”. ಆದರೆ ಫಾರ್ವರ್ಡ್ ಎರಡು ವಿಷಯ ಬಿಟ್ಟಿದೆ. ಒಂದು, ವಂಚನೆ ಸಾಬೀತಾದರೆ ಭಾರತದಲ್ಲೂ ಈ ರಕ್ಷಣೆ ಇಲ್ಲ. ಎರಡು, ಇದು ಭಾರತದ ಪಾಲಿಸಿಗಳ ನಿಯಮ, ಬರ್ಲಿನ್ನಿಗೂ ದುಬೈಗೂ ಅನ್ವಯಿಸುವುದಿಲ್ಲ.

ಮುಚ್ಚಿಡುವುದಂತೂ ಟೈಪ್ 1ರಲ್ಲಿ ಸಾಧ್ಯವೇ ಇಲ್ಲ. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಇನ್ಸುಲಿನ್ ಚೀಟಿಗಾಗಿ ವೈದ್ಯರ ಮುಂದೆ ಕೂರಬೇಕು. “ಯಾವಾಗಿನಿಂದ?” ಎಂಬುದು ಅವರ ಮೊದಲ ಪ್ರಶ್ನೆ. ವಿಮೆಯ ಫಾರಂನಲ್ಲಿ ಸುಳ್ಳು ಬರೆದದ್ದು ತಿಳಿದರೆ ಪಾಲಿಸಿಯೇ ರದ್ದಾಗಬಹುದು. ವೀಸಾ ಫಾರಂನಲ್ಲಿ ಬರೆದಿದ್ದರೆ ಇಡೀ ಮನೆಯವರ ವಾಸಕ್ಕೇ ಕುತ್ತು.

ಟ್ರಾವೆಲ್ ಇನ್ಶೂರೆನ್ಸ್, ಆಯುಷ್ಮಾನ್ ಕಾರ್ಡ್ ಸಾಲವೇ?

ಟ್ರಾವೆಲ್ ಇನ್ಶೂರೆನ್ಸ್ ಇರುವುದು ಪ್ರಯಾಣದಲ್ಲಿ ಅನಿರೀಕ್ಷಿತವಾಗಿ ಬರುವ ತೊಂದರೆಗಳಿಗೆ. ಮೊದಲೇ ಇರುವ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ, ಇಲ್ಲವೇ ಪ್ರಾಣಾಪಾಯದ ಸಂದರ್ಭಕ್ಕೆ ಮಾತ್ರ ಸೀಮಿತಗೊಳಿಸುತ್ತಾರೆ. ವೀಸಾಕ್ಕೆ ಅದು ಸಾಕಾಯಿತು ಎಂದರೆ ಮಗುವಿಗೂ ಸಾಕು ಎಂದಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಹಳೆಯ ಕಾಯಿಲೆಗೆ ಕಾಯುವ ಅವಧಿಯೂ ಇಲ್ಲ. ಆದರೆ ಅದು ನಡೆಯುವುದು ಈ ದೇಶದ ಆಸ್ಪತ್ರೆಗಳಲ್ಲಿ. ಇಲ್ಲಿ ಮಾಡಿಸಿರುವ ಖಾಸಗಿ ಪಾಲಿಸಿಯೂ ಸಾಮಾನ್ಯವಾಗಿ ಗಡಿ ದಾಟುವುದಿಲ್ಲ. ಹಾಗೆಂದು ಆ ಪಾಲಿಸಿಯನ್ನು ಅವಸರದಲ್ಲಿ ನಿಲ್ಲಿಸಬೇಡಿ. ವಾಪಸ್ ಬರುವ ಯೋಚನೆ ಇದ್ದರೆ, ಮತ್ತೆ ಹೊಸದಾಗಿ ಮಾಡಿಸಿದಾಗ ಕಾಯುವ ಅವಧಿ ಮೊದಲಿನಿಂದ ಶುರುವಾಗುತ್ತದೆ.

ಹೊರಡುವ ಮುನ್ನ ಮಾಡಬೇಕಾದ್ದು

ಮೊದಲನೆಯದು ಫೈಲು. ನಮ್ಮಲ್ಲಿ ಮಗುವಿನ ದಾಖಲೆ ಎಂದರೆ ಹಳೆಯ ಓಪಿಡಿ ಚೀಟಿಗಳು, ಮೆಡಿಕಲ್ ಶಾಪಿನ ಬಿಲ್ಲುಗಳು, ಅರ್ಧ ಹರಿದ ತಾಯಿ ಕಾರ್ಡು. ಅವನ್ನೆಲ್ಲ ಒಟ್ಟುಗೂಡಿಸಿ. ಮಗುವಿನ ವೈದ್ಯರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಕಾಯಿಲೆ ಪತ್ತೆಯಾದ ದಿನಾಂಕ, ಔಷಧಗಳ ಮೂಲ ಹೆಸರು, ಡೋಸ್, ಇತ್ತೀಚಿನ ಪರೀಕ್ಷಾ ಫಲಿತಾಂಶ ಅದರಲ್ಲಿರಲಿ. ಅಂಗನವಾಡಿ ಅಥವಾ ಶಾಲೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆ ಮಾಡಿದ್ದರೆ ಆ ಕಾರ್ಡೂ ಇರಲಿ. ಕಾಯಿಲೆ ಹತೋಟಿಯಲ್ಲಿದೆ ಎಂದು ತೋರಿಸುವ ದಾಖಲೆ ವಿಮೆಯ ವಿಷಯದಲ್ಲಿ ಮಗುವಿನ ಪರವಾಗಿಯೇ ಕೆಲಸ ಮಾಡುತ್ತದೆ.

ಎರಡನೆಯದು ಕಂಪನಿಗೆ ಕೇಳುವ ನಾಲ್ಕು ಪ್ರಶ್ನೆ. ಉತ್ತರ ಇಮೇಲಿನಲ್ಲೇ ಬರಲಿ.
• ವಿಮೆಯಲ್ಲಿ ಮಗುವೂ ಸೇರಿದೆಯೇ?
• ಯಾವ ದಿನದಿಂದ ಶುರು?
• ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಎಷ್ಟು?
• ಆಸ್ಪತ್ರೆ ದಾಖಲಾತಿ ಬಿಟ್ಟು ಇನ್ಸುಲಿನ್, ಪರೀಕ್ಷಾ ಪಟ್ಟಿ, ವೈದ್ಯರ ಭೇಟಿಗೂ ಹಣ ಸಿಗುತ್ತದೆಯೇ?

ಕೊನೆಯ ಪ್ರಶ್ನೆಯನ್ನು ನಾವು ಮರೆಯುವುದೇ ಹೆಚ್ಚು, ಏಕೆಂದರೆ ನಮಗೆ ವಿಮೆ ಎಂದರೆ ಅಡ್ಮಿಟ್ ಆದಾಗ ಸಿಗುವ ಹಣ. ಟೈಪ್ 1 ಮಗುವಿನ ಖರ್ಚು ಇರುವುದು ಹೆಚ್ಚಾಗಿ ಮನೆಯಲ್ಲಿ.

ಮೂರನೆಯದು ನಡುವಿನ ದಿನಗಳು. ವಿಮೆ ಶುರುವಾಗುವ ತನಕ ಬೇಕಾಗುವಷ್ಟು ಇನ್ಸುಲಿನ್ ಜೊತೆಯಲ್ಲಿರಲಿ. ಎಷ್ಟು ಒಯ್ಯಬಹುದು ಎಂದು ವೈದ್ಯರನ್ನೂ ಆ ದೇಶದ ನಿಯಮವನ್ನೂ ವಿಚಾರಿಸಿ. ಅದು ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿಟ್ಟರೆ ಹೆಪ್ಪುಗಟ್ಟಿ ಕೆಡಬಹುದು. ಇನ್ನೊಂದು ಎಚ್ಚರಿಕೆ: ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹಲವು ಒಂದು ಮಿಲಿಲೀಟರಿಗೆ 40 ಯೂನಿಟ್‌ನವು. ಹೊರದೇಶಗಳಲ್ಲಿ ಸಾಮಾನ್ಯವಾಗಿ 100 ಯೂನಿಟ್ ಇರುತ್ತದೆ. ಇಲ್ಲಿಂದ ಒಯ್ದ ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ ಅಲ್ಲಿನ 100ರ ಇನ್ಸುಲಿನ್ ಎಳೆದರೆ ಡೋಸ್ ಎರಡೂವರೆ ಪಟ್ಟಾಗುತ್ತದೆ. ಅದು ಮಗುವಿನ ಪ್ರಾಣಕ್ಕೇ ಅಪಾಯ.

ಕೊನೆಗೆ

ನಂಜನಗೂಡಿನ ಮಗುವಿಗೂ ನರಸೀಪುರದ ಮಗುವಿಗೂ ಇರುವುದು ಒಂದೇ ಕಾಯಿಲೆ. ಒಬ್ಬಳಿಗೆ ಮೊದಲ ದಿನದಿಂದಲೇ ವಿಮೆ ಸಿಗಬಹುದು, ಇನ್ನೊಬ್ಬನಿಗೆ ಆರು ತಿಂಗಳ ತಯಾರಿ ಬೇಕಾಗಬಹುದು. ಇಬ್ಬರನ್ನೂ ಅಜ್ಜಿಯ ಹತ್ತಿರ ಬಿಟ್ಟು ಹೋಗಲೇಬೇಕು ಎಂದೇನಿಲ್ಲ.

ವೀಸಾ ಮತ್ತು ವಿಮೆಯ ಮೊತ್ತಗಳು ಆಗಾಗ ಬದಲಾಗುತ್ತವೆ. ಹೊರಡುವ ಮುನ್ನ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ಮುಂದಿನ ಸಲ ಗ್ರೂಪಿನಲ್ಲಿ ಆ ಹಳೆಯ ಸಂದೇಶ ಬಂದರೆ ಅದರ ಕೆಳಗೆ ಇಷ್ಟು ಬರೆಯಿರಿ: “ಕಾಯಿಲೆ ಮುಚ್ಚಿಡಬೇಡಿ. ಯಾವ ವಿಮೆ ಎಂದು ಮೊದಲೇ ಕೇಳಿ. ಮಗುವಿನ ಫೈಲು ಜೊತೆಯಲ್ಲಿರಲಿ.”