ಹಾರ್ಡ್‌ಡಿಸ್ಕ್‌ಗೆ ಹಾಕಿಟ್ಟರೆ ಹಾಡು, ವಿಡಿಯೊ ಉಳಿದಂತೆಯೇ?

ಸವಡಿ, ರೋಣ, ನರಗುಂದದ ಕಡೆ ಹಳೆಯ ಮನೆಗಳ ಟ್ರಂಕು ತೆರೆದರೆ ಭಜನೆ ಪದಗಳ ಕ್ಯಾಸೆಟ್ಟು, ಮದುವೆ ಸಿ.ಡಿ., ಊರ ನಾಟಕದ ವಿಡಿಯೊ ಸಿಗುವುದು ಹೊಸದೇನಲ್ಲ. ಈಗ ಅನೇಕರು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. "ಎಲ್ಲಾ ಒಂದ ಹಾರ್ಡ್‌ಡಿಸ್ಕಿಗೆ ಹಾಕ್ಸೀನ್ರಿ, ಇನ್ನ ಚಿಂತಿಲ್ಲ" ಎನ್ನುವ ಮಾತೂ ಕೇಳುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ.

ರೋಣ 1922ರಲ್ಲಿ ಭೀಮಸೇನ ಜೋಶಿ ಹುಟ್ಟಿದ ಊರು. ಬಾಲಕನಾಗಿದ್ದಾಗ ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ತಟ್ಟೆ ಕೇಳಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟ ಕಥೆ ಎಲ್ಲರಿಗೂ ಗೊತ್ತು. ಆ ಅರಗಿನ ತಟ್ಟೆ ಕೈಜಾರಿದರೆ ಚೂರು. ಆದರೂ ಖಾನರ ದನಿ ನಮಗೆ ಇಂದಿಗೂ ಸಿಗುತ್ತದೆ, ಏಕೆಂದರೆ ಅದರ ಪ್ರತಿಗಳು ನೂರಾರು ಮನೆಗಳಲ್ಲಿದ್ದವು. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ'ದ ಪ್ರತಿ ಮಾತ್ರ ಇಂದು ಒಂದೂ ಸಿಗುವುದಿಲ್ಲ. ಸಿನಿಮಾದ ಪ್ರಿಂಟುಗಳು ಯಾರ ಮನೆಯಲ್ಲೂ ಇರುತ್ತಿರಲಿಲ್ಲ.

ಹಾಗಾಗಿ ಯಾವ ವಸ್ತು ಗಟ್ಟಿ ಎಂಬುದಕ್ಕಿಂತ ಎಷ್ಟು ಪ್ರತಿ ಎಲ್ಲೆಲ್ಲಿ ಇವೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ವಸ್ತುಗಳ ಹಣೆಬರಹ ಹೇಗೂ ಅಷ್ಟಕ್ಕಷ್ಟೇ. ಹಾರ್ಡ್‌ಡಿಸ್ಕ್ ಒಳಗೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಟ್ಟೆಯಿದೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ಮುಳ್ಳು ತೇಲುತ್ತದೆ. ಓಡುವಾಗ ಮೇಜಿನಿಂದ ಬಿದ್ದರೆ ಮುಗಿಯಿತು. ಪೆನ್‌ಡ್ರೈವ್, ಎಸ್‌ಎಸ್‌ಡಿಗಳಲ್ಲಿ ತಿರುಗುವುದೇನೂ ಇಲ್ಲ. ಅಲ್ಲಿ ಮಾಹಿತಿ ಇರುವುದು ಸಣ್ಣ ಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುತ್ತಿನ ರೂಪದಲ್ಲಿ. ಕರೆಂಟು ಕೊಡದೆ ವರ್ಷಗಟ್ಟಲೆ ಬಿಟ್ಟರೆ ಅದು ಮೆಲ್ಲನೆ ಸೋರುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ನಮ್ಮ ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಕೆಳಗಿನ ಕಪಾಟು ಇವಕ್ಕೆ ಒಳ್ಳೆಯ ಜಾಗವಲ್ಲ. ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿರುವುದು ಒಂದು ಬಣ್ಣದ ಪದರ, ಬಿಸಿಲಿಗೆ ಅದು ಮಾಸುತ್ತದೆ.

"ಗೂಗಲ್ ಫೋಟೋಸ್‌ನಲ್ಲಿ ಇದೆಯಲ್ಲ" ಎಂದರೆ? ಅದು ಫೋನನ್ನು ಹಿಂಬಾಲಿಸುವ ನೆರಳಿನಂತೆ. ಆ್ಯಪ್‌ನಲ್ಲಿ ಫೋಟೊ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 60 ದಿನ ಇದ್ದು ಹೋಗುತ್ತದೆ. ದೊಡ್ಡ ಕಂಪನಿ ಎಂಬುದೂ ಖಾತರಿಯಲ್ಲ. ಬಳಕೆದಾರರು 2016ಕ್ಕೆ ಮೊದಲು ಏರಿಸಿದ ಹಾಡುಗಳೆಲ್ಲ ಕಳೆದುಹೋದವೆಂದು ಮೈಸ್ಪೇಸ್ 2019ರಲ್ಲಿ ಒಪ್ಪಿಕೊಂಡಿತು. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಹಾಕಿ ಒಂದರ ಪಡಿಯಚ್ಚನ್ನು ಇನ್ನೊಂದರಲ್ಲಿ ಇಡುವ ಏರ್ಪಾಡಿನದೂ ಇದೇ ಕೊರತೆ. ಒಂದು ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ. ನೀವೇ ತಪ್ಪಿ ಅಳಿಸಿದರೆ, ವೈರಸ್ ಬಂದರೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಹೆಸರಾಗಿಸಿದ 3-2-1 ಲೆಕ್ಕ ಇಲ್ಲಿ ಒದಗುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಸವಡಿಯ ಮನೆಗೆ ಇದರ ಅರ್ಥ ಸರಳ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ವೈರು ಕಿತ್ತಿಟ್ಟ ಹೊರಗಿನ ಡಿಸ್ಕಿನಲ್ಲಿ, ಮತ್ತೊಂದು ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಇರುವ ಮಗಳ ಮನೆಯಲ್ಲಿ. ಜಾತ್ರೆಗೆ ಬಂದಾಗ ಡಿಸ್ಕ್ ಬದಲಿಸಿಕೊಂಡರಾಯಿತು. ನನ್ನ ಮಟ್ಟಿಗೆ ತಿಂಗಳ ಬಾಡಿಗೆಯ ಕ್ಲೌಡ್‌ಗಿಂತ ಇದೇ ನಂಬಿಕೆಯದು. 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಒಂದು ಟೆರಾಬೈಟ್ ಏರಿಸಲು ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು, ಅದೂ ಕರೆಂಟು ಹೋಗದಿದ್ದರೆ.

ಒಂದು ಟೆರಾಬೈಟ್ ಡಿಸ್ಕ್ ಕೊಂಡು ಬಂದರೆ ವಿಂಡೋಸ್ 931 ಎಂದು ತೋರಿಸುತ್ತದೆ. ಇದು ಅಂಗಡಿಯವರ ಮೋಸವಲ್ಲ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ. ಜಾಗಕ್ಕಾಗಿ ಹೆದರಬೇಕಾಗಿಯೂ ಇಲ್ಲ: 60 ನಿಮಿಷದ ಕ್ಯಾಸೆಟ್ಟನ್ನು ಸಿ.ಡಿ. ಗುಣಮಟ್ಟದಲ್ಲಿ ಇಳಿಸಿದರೆ ಸುಮಾರು 635 ಎಂಬಿ. ದನಿ ಕೆಡಿಸದೆ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ ಇನ್ನೂ ಕಡಿಮೆ. ಮೊದಲು ಕ್ಯಾಸೆಟ್ಟುಗಳನ್ನೇ ಇಳಿಸಿಕೊಳ್ಳಿ, ಏಕೆಂದರೆ ಟೇಪಿನ ಜೊತೆಗೆ ಅದನ್ನು ನುಡಿಸುವ ಪ್ಲೇಯರುಗಳೂ ಅಪರೂಪವಾಗುತ್ತಿವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊವನ್ನು ಮೂಲವೆಂದು ತಿಳಿಯಬೇಡಿ, ಸಾಮಾನ್ಯವಾಗಿ ಅದು ಕುಗ್ಗಿದ ಪ್ರತಿ.

ಇಷ್ಟೆಲ್ಲ ಕೂಡಿಟ್ಟು ನೋಡುವುದು ಹೇಗೆ? ಜೆಲ್ಲಿಫಿನ್‌ನಂಥ ಉಚಿತ ತಂತ್ರಾಂಶ ಹಾಕಿದರೆ ಹಳೆಯ ಲ್ಯಾಪ್‌ಟಾಪೇ ಮನೆಯ ಪ್ರಸಾರ ಕೇಂದ್ರವಾಗುತ್ತದೆ. ಇದರಿಂದ ಡೇಟಾ ಖಾಲಿಯಾಗುತ್ತದೆ ಎಂದು ಹಲವರು ಹೆದರುತ್ತಾರೆ. ಲ್ಯಾಪ್‌ಟಾಪಿನಿಂದ ವೈಫೈ ಪೆಟ್ಟಿಗೆಗೆ, ಅಲ್ಲಿಂದ ಟಿ.ವಿ.ಗೆ ಹೋಗುವ ವಿಡಿಯೊ ಮನೆ ಬಿಟ್ಟು ಹೊರಗೇ ಹೋಗುವುದಿಲ್ಲ. ಬ್ರಾಡ್‌ಬ್ಯಾಂಡ್ ಕೆಟ್ಟು ನಿಂತ ದಿನವೂ ಅಜ್ಜನ ಭಜನೆ ಕೇಳಬಹುದು, ವೈಫೈ ಪೆಟ್ಟಿಗೆಗೆ ಕರೆಂಟು ಇದ್ದರೆ ಸಾಕು.